ಮ್ಟೋನಿ ಶಾಲೆಯ ನಾಲ್ಕು ಕೋಣೆಗಳು

ಧನಶ್ರೀಯ ಮುಂದೆ ಸುಳ್ಳು ನಡೆಯುವುದಿಲ್ಲ ಎಂದು ನೈರೋಬಿಯ ಕನ್ನಡದವರೆಲ್ಲ ಹೇಳುತ್ತಿದ್ದರು. ಮೊದಲು ಮೈಸೂರಿನಲ್ಲಿ, ಆಮೇಲೆ ಇಲ್ಲಿ, ಅವಳು ಬಹಳ ವರ್ಷ ಗಣಿತ ಕಲಿಸಿದ್ದಳು. ಪಕ್ಕದವನ ಉತ್ತರ ಕದ್ದು ಬರೆದ ಹುಡುಗ ಯಾರೆಂದು ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಒಂದು ವರ್ಷ ಏಪ್ರಿಲ್ ಮಳೆಯ ನೆರೆಯಲ್ಲಿ ಹಾಳಾದ ಶಾಲೆಗಳನ್ನು ಮತ್ತೆ ಕಟ್ಟಿಸಲು ಹೊರದೇಶದ ಸರ್ಕಾರವೊಂದು ನೆರೆ ನಿಧಿ ತೆರೆದು ಅನುದಾನ ಕೊಟ್ಟಾಗ, ಕೊಟ್ಟ ದುಡ್ಡು ಕಟ್ಟಡವಾಗಿದೆಯೇ ಎಂದು ಕಣ್ಣಾರೆ ನೋಡಿ ಬರುವ ಜನ ಆ ನಿಧಿಗೆ ಬೇಕಾಯಿತು. ಅವಳ ಹೆಸರನ್ನು ಸೂಚಿಸಿದವರು ಲಕ್ಷ್ಮೀಕಾಂತ ಸರ್.

"ನೀನಿದ್ರೆ ಯಾರೂ ಬಾಲ ಬಿಚ್ಚಲ್ಲಮ್ಮ," ಎಂದು ಅವರು ನಕ್ಕಿದ್ದರು.

ಲಕ್ಷ್ಮೀಕಾಂತ ಸರ್ ಎಂದರೆ ಅವಳಿಗೆ ಈ ಊರಿನಲ್ಲಿದ್ದ ತೌರುಮನೆ. ಅವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಲು ಬಂದು ಇಲ್ಲೇ ಬೇರೂರಿದವರು. ನಿವೃತ್ತರಾದ ಮೇಲೆ ಸಿರಿವಂತರ ಬಡಾವಣೆಯಾದ ಕರೆನ್‌ನಲ್ಲಿ ಒಂದು ಶಾಲೆ ಕಟ್ಟಿದ್ದರು, ಬಡ ಮಕ್ಕಳ ಶಾಲೆಗಳಿಗೆ ನೆರವಾಗಲು ಒಂದು ಟ್ರಸ್ಟ್ ನಡೆಸುತ್ತಿದ್ದರು. ಧನಶ್ರೀ ಮತ್ತು ಅವಳ ಗಂಡ ರಾಜೀವ್ ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ವಿಮಾನ ನಿಲ್ದಾಣಕ್ಕೆ ಬಂದವರು ಅವರೇ. ಬಾಡಿಗೆ ಮನೆ ಸಿಗುವವರೆಗೆ ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ಮಗಳು ಚಿನ್ಮಯಿ ಹುಟ್ಟಿದಾಗ ಊರಿನಿಂದ ಯಾರೂ ಬರಲಾಗಿರಲಿಲ್ಲ. ಅಜ್ಜನ ಸ್ಥಾನದಲ್ಲಿ ನಿಂತು ಮಗುವಿನ ಕಿವಿಯಲ್ಲಿ ಹೆಸರು ಹೇಳಿದವರೂ ಅವರೇ. ಈಗ ಚಿನ್ಮಯಿ ಓದುತ್ತಿದ್ದುದು ಅವರದೇ ಶಾಲೆಯಲ್ಲಿ.

ನೆರೆಯ ಅನುದಾನದಲ್ಲಿ ಒಂದು ಪಾಲು ಅವರ ಟ್ರಸ್ಟಿಗೂ ಬಂದಿತ್ತು. ಮುಕುರುವಿನ ತಗಡಿನ ಮನೆಗಳ ನಡುವೆ, ಹೊಳೆಯ ಅಂಚಿನಲ್ಲಿದ್ದ ಮ್ಟೋನಿ ಪ್ರೈಮರಿ ಶಾಲೆಗೆ ಎತ್ತರದ ಜಾಗದಲ್ಲಿ ನಾಲ್ಕು ಕಾಂಕ್ರೀಟ್ ಕೋಣೆ ಕಟ್ಟಿಕೊಡಬೇಕಿತ್ತು. ತಾನು ಬಲ್ಲವರ ಕೆಲಸವನ್ನು ತಾನೇ ತಪಾಸಣೆ ಮಾಡುವುದು ಸರಿಯಲ್ಲವೆಂದು ಧನಶ್ರೀ ಆಫೀಸಿನಲ್ಲಿ ಹೇಳಿದ್ದಳು. ಜನ ಕಡಿಮೆ, ನೀವೇ ಹೋಗಿ ಬನ್ನಿ ಎಂದರು. ಹಾಗಿದ್ದರೆ ಹೇಳದೆ ಕೇಳದೆ ಹೋಗುತ್ತೇನೆ ಎಂದು ಅವಳು ತೀರ್ಮಾನಿಸಿದಳು. ಡ್ರೈವರನಿಗೂ ಹೊರಟ ಮೇಲೆಯೇ ಜಾಗ ತಿಳಿಸಿದ್ದು.

ಅದು ನೆರೆಯ ಮರುವರ್ಷ, ಅಂದರೆ ಹೋದ ವರ್ಷದ ಜುಲೈ, ಇಲ್ಲಿಯ ಚಳಿಗಾಲ. ಮುಕುರುವಿನ ತಿರುವಿನಲ್ಲಿ ರಸ್ತೆ ಅಗೆದಿತ್ತು. ಅಲ್ಲಿ ನಿಂತಿದ್ದ ಒಬ್ಬ ಗಂಡಸು ತಾನು ಶಾಲಾ ಸಮಿತಿಯವನೆಂದು ಹೇಳಿ, ಬೇರೆ ದಾರಿಯಿಂದ ಕರೆದೊಯ್ದ. ಹಳದಿ ಬಣ್ಣದ ನಾಲ್ಕು ಕೋಣೆ, ಎತ್ತರದ ಅಡಿಪಾಯ, ಪಕ್ಕದಲ್ಲಿ ಕಪ್ಪು ನೀರಿನ ಟ್ಯಾಂಕು, ಗೋಡೆಯ ಮೇಲೆ ಮ್ಟೋನಿ ಎಂಬ ಹೆಸರು, ಒಳಗೆ ನೀಲಿ ಸ್ವೆಟರ್ ತೊಟ್ಟ ಮಕ್ಕಳು. ಧನಶ್ರೀ ಗೋಡೆ ತಟ್ಟಿ ನೋಡಿದಳು. ಕಿಟಕಿ ತೆಗೆದು ಹಾಕಿ ನೋಡಿದಳು. ನಿಮ್ಮದು ಯಾವ ಶಾಲೆ ಎಂದು ಮಕ್ಕಳನ್ನೇ ಕೇಳಿದಳು. ಮ್ಟೋನಿ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಒಬ್ಬ ಹುಡುಗಿಯನ್ನು ಬೋರ್ಡಿಗೆ ಕರೆದು ಭಿನ್ನರಾಶಿಯ ಲೆಕ್ಕ ಕೊಟ್ಟಳು, ಹುಡುಗಿ ಸರಿಯಾಗಿ ಮಾಡಿದಳು. ಕೆಲಸ ಮುಗಿದಿದೆ, ಚೆನ್ನಾಗಿದೆ ಎಂದು ಸಹಿ ಹಾಕುವಾಗ ಅವಳಿಗೆ ಹೆಮ್ಮೆಯಾಗಿತ್ತು. ಸರ್ ಬಗ್ಗೆ ಹೆಮ್ಮೆ.

ಈ ವರ್ಷ ಮಳೆ ಮತ್ತೆ ಜೋರಾಗಿ ಹಿಡಿದುಕೊಂಡಿತು. ಒಂದು ಬೆಳಿಗ್ಗೆ, ಕಿಲೆಲೆಶ್ವಾದ ತಮ್ಮ ಫ್ಲಾಟಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳ ಫೋನಿಗೆ ಯಾರೋ ಒಂದು ವೀಡಿಯೊ ಕಳಿಸಿದರು. ಮೊಣಕಾಲುದ್ದ ಕೆಸರು ನೀರಿನಲ್ಲಿ ಮಕ್ಕಳು ತಲೆಯ ಮೇಲೆ ಬೆಂಚು ಹೊತ್ತು ಒಂದು ತಗಡಿನ ಶೆಡ್ಡಿನಿಂದ ಹೊರಗೆ ಬರುತ್ತಿದ್ದರು. ಶೆಡ್ಡಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿತ್ತು: ಮ್ಟೋನಿ ಪ್ರೈಮರಿ.

ಅವಳು ಲಕ್ಷ್ಮೀಕಾಂತರಿಗೆ ಫೋನ್ ಮಾಡಿದಳು.

"ಅದು ಹಳೇ ವೀಡಿಯೊ ಮಗು. ಮಳೆ ಬಂದ್ರೆ ಸಾಕು, ಜನ ಹಳೇದೆಲ್ಲಾ ತೆಗ್ದು ಫಾರ್ವರ್ಡ್ ಮಾಡ್ತಾರೆ. ನೀನು ತಲೆ ಕೆಡಿಸ್ಕೋಬೇಡ," ಎಂದರು ಅವರು. ದನಿಯಲ್ಲಿ ಒಂದಿಷ್ಟೂ ಗಾಬರಿ ಇರಲಿಲ್ಲ.

ಅವಳಿಗೂ ಸಮಾಧಾನವೇ ಆಯಿತು. ಆದರೆ ಆಫೀಸಿಗೆಂದು ಹೊರಟವಳ ಕಾಲು ಮುಕುರುವಿಗೆ ಹೋಗುವ ಮಟಾಟು ವ್ಯಾನ್ ಹತ್ತಿತು. ಯಾರ ಮೇಲೂ ಸಂಶಯವಿರಲಿಲ್ಲ. ಅಕ್ಕಪಕ್ಕದ ತಗಡಿನ ಮನೆಗಳೆಲ್ಲ ಮುಳುಗಿದಾಗ ನಾಲ್ಕು ಹಳದಿ ಕೋಣೆಗಳು ನೀರಿನ ಮೇಲೆ ನಿಂತಿರುವುದನ್ನು ನೋಡಬೇಕು ಎಂಬ ಆಸೆ, ಅಷ್ಟೆ. ತಿರುವಿನಲ್ಲಿ ಇಳಿದು ಶಾಲೆ ಎಲ್ಲಿ ಎಂದು ಟೊಮೆಟೊ ಮಾರುವವಳನ್ನು ಕೇಳಿದಳು. ಅವಳು ಕೈ ತೋರಿಸಿದ್ದು ಹೋದ ಸಲ ಕಾರು ಹೋದ ದಿಕ್ಕಿಗಲ್ಲ, ಹೊಳೆಯ ಕಡೆಗೆ.

ಶೆಡ್ಡುಗಳು ಅಲ್ಲಿಯೇ ಇದ್ದವು. ತುಕ್ಕು ಹಿಡಿದ ತಗಡು, ಒಳಗೆಲ್ಲ ಕೆಸರು. ಗಂಬೂಟು ಹಾಕಿಕೊಂಡು, ಲಂಗ ಎತ್ತಿ ಕಟ್ಟಿದ ಐವತ್ತರ ಹೆಂಗಸೊಬ್ಬಳು ಬಕೆಟ್ಟಿನಿಂದ ನೀರು ಎತ್ತಿ ಹೊರಗೆ ಸುರಿಯುತ್ತಿದ್ದಳು. ತಾನು ಇಲ್ಲಿಯ ಹೆಡ್‌ಟೀಚರ್, ಕೆರುಬೊ ಎಂದಳು.

"ನೀವು ಯಾವ ಚರ್ಚಿನವರು? ಹಿಟ್ಟು ಕೊಡ್ತೀರೋ, ಕಂಬಳಿಯೋ?"

"ನಾನು ನೆರೆ ನಿಧಿಯಿಂದ ಬಂದೆ."

ಕೆರುಬೊ ಬಕೆಟ್ ಕೆಳಗಿಟ್ಟಳು. "ಕೊನೆಗೂ ಬಂದ್ರಿ. ನಮ್ಮ ಕೋಣೆಗಳ ಕೆಲಸ ಯಾವಾಗ ಶುರುವಾಗತ್ತೆ ಅಂತ ಎಷ್ಟು ಸಲ ಕೇಳಿದೆವು. ಈ ವರ್ಷ ಆಗತ್ತೆ, ಮುಂದಿನ ವರ್ಷ ಆಗತ್ತೆ ಅಂತ ಟ್ರಸ್ಟಿನವರು ಹೇಳ್ತಾನೇ ಇದ್ದಾರೆ."

ಧನಶ್ರೀಗೆ ಆ ಕ್ಷಣ ಏನೂ ಅರ್ಥವಾಗಲಿಲ್ಲ. ತಾನು ನೋಡಿದ ಹಳದಿ ಗೋಡೆ, ಕಪ್ಪು ಟ್ಯಾಂಕು, ಎತ್ತರದ ಅಡಿಪಾಯ ಎಲ್ಲವನ್ನೂ ಹೇಳಿದಳು. ಕೆರುಬೊ ಪೂರ್ತಿ ಕೇಳಿದಳು. ಆಮೇಲೆ ಹೊಳೆಯ ಆಚೆಗೆ ಬೆರಳು ಮಾಡಿದಳು.

"ಅದು ಆ ಕಡೆಯ ಚರ್ಚಿನ ಶಾಲೆ. ಕಟ್ಟಿ ತುಂಬಾ ವರ್ಷ ಆಯ್ತು. ಹೋದ ವರ್ಷ ಯಾರೋ ಬಣ್ಣ ಹೊಡೆಸಿ ಕೊಟ್ಟರಂತೆ."

"ಆದ್ರೆ ಮಕ್ಕಳು? ಅವರು ಮ್ಟೋನಿ ಅಂತ ಹೇಳಿದ್ರಲ್ಲ."

"ಮಕ್ಕಳು ನಮ್ಮವರೇ. ಚಳಿಗಾಲದಲ್ಲಿ ಒಂದು ದಿನ ಅತಿಥಿಗಳು ಬರ್ತಾರೆ, ಆಚೆ ದಡಕ್ಕೆ ಕಳಿಸಿ ಅಂತ ಟ್ರಸ್ಟಿನವರು ಹೇಳಿದ್ರು. ನನ್ನನ್ನ ಅವತ್ತೇ ಊರಿನ ಇನ್ನೊಂದು ತುದಿಯಲ್ಲಿ ಮೀಟಿಂಗ್ ಇದೆ ಅಂತ ಕಳಿಸಿದ್ರು. ಹೋದ್ರೆ ಅಲ್ಲಿ ಮೀಟಿಂಗೇ ಇರಲಿಲ್ಲ. ಮಕ್ಕಳಿಗೆ ಬ್ರೆಡ್ಡು, ಸೋಡ, ಹೊಸ ಸ್ವೆಟರ್ ಸಿಕ್ಕಿತಂತೆ. ಕುಣಿದಾಡಿಕೊಂಡು ಹೋಗಿದ್ದವು." ಕೆರುಬೊ ಕೆಸರಾದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಸಂಜೆ ಸ್ವೆಟರ್‌ಗಳನ್ನ ವಾಪಸ್ ಬಿಚ್ಚಿಸಿಕೊಂಡರು."

ಬೆಂಚು ಒರೆಸುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಧನಶ್ರೀಯನ್ನೇ ನೋಡುತ್ತಿದ್ದಳು. ಗುರುತು ಹತ್ತಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ, ನಾಚುತ್ತ ನಕ್ಕಳು. ಬೋರ್ಡಿನ ಮೇಲೆ ಲೆಕ್ಕ ಮಾಡಿದ್ದವಳು.

"ಇಂಡಿಯನ್ ಮೇಡಂ ಲೆಕ್ಕ ಕೇಳಿದ್ರು, ನಾನು ಸರಿ ಮಾಡ್ದೆ ಅಂತ ಇವಳು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು," ಎಂದಳು ಕೆರುಬೊ. "ಆ ಮೇಡಂ ನೀವೇನಾ?"

ಧನಶ್ರೀ ಹೌದೆಂದು ತಲೆಯಾಡಿಸಿದಳು. ಕೆರುಬೊ ಮತ್ತೆ ಬಕೆಟ್ ಎತ್ತಿಕೊಂಡಳು.

ಕರೆನ್‌ಗೆ ಹೋಗುವ ಟ್ಯಾಕ್ಸಿಯಲ್ಲಿ ಧನಶ್ರೀ ಸರ್ ಪರವಾಗಿ ತಾನೇ ವಾದ ಮಾಡಿಕೊಂಡಳು. ಟ್ರಸ್ಟಿನ ಕೆಳಗಿನವರು ಯಾರೋ ಅವರಿಗೂ ಮೋಸ ಮಾಡಿದ್ದಾರೆ. ಕೇಳಿದ ಕೂಡಲೇ ಕುಸಿದುಹೋಗುತ್ತಾರೆ, ಮೆಲ್ಲಗೆ ಹೇಳಬೇಕು. ಗೇಟು ಕಾಯುವ ಅಸ್ಕಾರಿ ಎಂದಿನಂತೆ ಸಲಾಂ ಹೊಡೆದು ಒಳಗೆ ಬಿಟ್ಟ. ಅಂಗಳದಾಚೆ ಶಾಲೆಯ ಹೊಸ ಬ್ಲಾಕು ಮಳೆಗೆ ತೊಳೆದುಕೊಂಡು ಹೊಳೆಯುತ್ತಿತ್ತು. ಎರಡು ಅಂತಸ್ತು, ಕೆಂಪು ಹೆಂಚು, ಅಗಲವಾದ ಜಗಲಿ. ಅದನ್ನು ಕಟ್ಟಿಸಿದ್ದು ಅವಳ ಗಂಡ. ಕಂಪನಿ ಮುಚ್ಚಿ ಕೆಲಸ ಹೋದ ಮೇಲೆ ರಾಜೀವ್ ಸ್ವಂತ ಕಂಟ್ರಾಕ್ಟು ಶುರುಮಾಡಿದಾಗ ಮೊದಲ ಕೆಲಸ ಕೊಟ್ಟವರು ಲಕ್ಷ್ಮೀಕಾಂತರೇ. ಬ್ಲಾಕಿನ ಪ್ರವೇಶದ ದಿನ ಧನಶ್ರೀ ಅಲ್ಲಿ ಹಾಲು ಉಕ್ಕಿಸಿದ್ದಳು.

ಲಕ್ಷ್ಮೀಕಾಂತರು ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಅವಳ ಕೆಸರು ಮೆತ್ತಿದ ಚಪ್ಪಲಿಯನ್ನು ನೋಡಿ ಎಲ್ಲ ತಿಳಿದುಕೊಂಡರು. ಕುಸಿಯಲಿಲ್ಲ.

"ಕೂತ್ಕೋಮ್ಮ. ಚಹಾ ತರಿಸ್ಲಾ?"

"ಸರ್, ಮ್ಟೋನಿಯಲ್ಲಿ ಒಂದು ಕಲ್ಲೂ ಬಿದ್ದಿಲ್ಲ."

"ಗೊತ್ತು."

"ಆ ದುಡ್ಡು?"

ಅವರು ಕನ್ನಡಕ ತೆಗೆದು ಮಡಿಚಿಟ್ಟರು. "ಈ ಶಾಲೆ ಮುಚ್ಚೋ ಪರಿಸ್ಥಿತಿಗೆ ಬಂದಿತ್ತು ಧನು. ಮಕ್ಕಳು ಬಿಟ್ಟು ಹೋಗ್ತಿದ್ರು, ಬ್ಯಾಂಕಿನವರು ಕುತ್ತಿಗೆ ಮೇಲೆ ಕೂತಿದ್ರು. ಇಷ್ಟು ಜನ ಟೀಚರ್‌ಗಳ ಸಂಬಳ, ನಮ್ಮವರ ಮಕ್ಕಳ ಓದು, ಎಲ್ಲಾ ಇದ್ರ ಮೇಲೆ ನಿಂತಿದೆ. ಹೊಸ ಬ್ಲಾಕ್ ಆದ್ಮೇಲೆ ಅಡ್ಮಿಷನ್ ಬಂತು, ಉಸಿರಾಡೋ ಹಾಗಾಯ್ತು. ನಾನೇನೂ ಜೇಬಿಗೆ ಹಾಕ್ಕೊಂಡಿಲ್ಲ. ಸಾಲ ಅಂತ ತಗೊಂಡಿದೀನಿ. ಮುಂದಿನ ವರ್ಷ ಆ ಮಕ್ಕಳಿಗೆ ಕಟ್ಟೇ ಕಟ್ಟಿಸ್ತೀನಿ."

"ಆ ಮಕ್ಕಳ ಮೈ ಮೇಲಿಂದ ಸ್ವೆಟರ್ ಬಿಚ್ಚಿಸಿದ್ರಂತೆ ಸರ್."

ಅವರು ಒಂದು ಗಳಿಗೆ ಮುಖ ಬೇರೆ ಕಡೆ ತಿರುಗಿಸಿದರು. "ಅದು ನಂಗೆ ಗೊತ್ತಿಲ್ಲ. ಮ್ಯಾನೇಜರ್ ನೋಡ್ಕೊಂಡಿದ್ದು. ಟೈಮೇ ಇರ್ಲಿಲ್ಲ. ನೀನು ಶುಕ್ರವಾರ ಹೋಗ್ತೀಯ ಅಂತ ನಮಗೆ ಗೊತ್ತಾಗಿದ್ದೇ ಬುಧವಾರ ರಾತ್ರಿ."

ಮಳೆ ಹೆಂಚಿನಿಂದ ಧಾರೆಯಾಗಿ ಇಳಿಯುತ್ತಿತ್ತು. ಧನಶ್ರೀ ಆ ಮಾತನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡಳು. ಆಫೀಸಿನಲ್ಲಿ ಯಾರಿಗೂ ಅವಳು ದಿನ ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ದು?"

ಲಕ್ಷ್ಮೀಕಾಂತರಿಗೆ ತಾವು ಬಾಯಿಬಿಟ್ಟದ್ದು ಆಗ ಗೊತ್ತಾಯಿತು. ಆದರೂ ಮರೆಮಾಚುವ ಕಷ್ಟ ತೆಗೆದುಕೊಳ್ಳಲಿಲ್ಲ. ಅವಳನ್ನು ಸುಮ್ಮನಾಗಿಸಲು ಇದೇ ಒಳ್ಳೆಯದು ಎಂದೂ ಅವರಿಗೆ ಅನ್ನಿಸಿರಬೇಕು.

"ಅವನ ಮೇಲೆ ಕೋಪ ಮಾಡ್ಕೋಬೇಡ. ನೀನು ಅಲ್ಲಿ ಹೋಗಿ ಖಾಲಿ ಜಾಗ ನೋಡಿದ್ರೆ ನಿನಗೂ ಕಷ್ಟ, ನಮಗೂ ಕಷ್ಟ ಅಂತ ರಾಜೀವ ಫೋನ್ ಮಾಡ್ದ. ನಿನ್ನ ಒಳ್ಳೇದಕ್ಕೇ ಮಾಡಿದ್ದು." ಆಮೇಲೆ ಇನ್ನಷ್ಟು ಮೆತ್ತಗೆ ಹೇಳಿದರು: "ಸಹಿ ನಿಂದೂ ಇದೆ ಮಗು. ಈಗ ಇದನ್ನ ಕೆದಕಿದ್ರೆ ಮೊದ್ಲು ಮುಳುಗೋದು ನೀನು."

ಅವಳ ಮಗಳ ಕಿವಿಯಲ್ಲಿ ಹೆಸರು ಹೇಳಿದ ದನಿಯೇ ಅದು. ಧನಶ್ರೀ ಎದ್ದಳು. ಕೆಲಸದವಳು ತಂದ ಚಹಾ ಮೇಜಿನ ಮೇಲೆ ಹಾಗೆಯೇ ಉಳಿಯಿತು.

ರಾಜೀವ್ ಸಂಜೆ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಕೈಗೆ ಏನಾದರೂ ಕೆಲಸ ಬೇಕಿತ್ತು. ಅವನಿಗೆ ಆಗಲೇ ಕರೆನ್‌ನಿಂದ ಫೋನ್ ಬಂದಿತ್ತೆಂದು ಅವನು ಬಾಗಿಲಲ್ಲಿ ನಿಂತ ರೀತಿಯಿಂದಲೇ ತಿಳಿಯಿತು.

"ನಾನೇ ಹೇಳ್ಬೇಕು ಅಂತಿದ್ದೆ," ಎಂದ.

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಅರ್ಧ ಕೆಲಸ ಆದ್ಮೇಲೆ. ಪೇಮೆಂಟ್ ಯಾವ ಅಕೌಂಟಿಂದ ಬರ್ತಿದೆ ಅಂತ ನೋಡ್ದೆ. ಕೇಳ್ದೆ ಸರ್‌ನ. ತಾತ್ಕಾಲಿಕ ಅಂದ್ರು. ಅಷ್ಟೊತ್ತಿಗೆ ನಾನು ಸಿಮೆಂಟು, ಕಬ್ಬಿಣ ಎಲ್ಲಾ ಸಾಲದಲ್ಲಿ ತಂದಿದ್ದೆ ಧನು. ಅಲ್ಲಿ ನಿಲ್ಸಿದ್ರೆ ನಾವು ಬೀದಿಗೆ ಬರ್ತಿದ್ವಿ."

"ನಾನು ಶುಕ್ರವಾರ ಹೋಗ್ತೀನಿ ಅಂದಿದ್ದು ನಿಮ್ಮೊಬ್ಬರಿಗೇ."

ಅವನು ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟ.

"ಊಟಕ್ಕೆ ಕೂತಾಗ ಹೇಳಿದ್ದೆ. ನೀವು ಸಾರು ಬಡಿಸ್ಕೊಳ್ತಾ, ಮಳೆ ಇಲ್ಲದಿದ್ರೆ ಸಾಕು ನಿನಗೆ ಅಂದ್ರಿ. ಆಮೇಲೆ ಎದ್ದು ಫೋನ್ ಮಾಡಿದ್ರಾ?"

"ನಿನ್ನ ಕಾಪಾಡೋಕೆ ಮಾಡಿದ್ದು."

"ಕಾಪಾಡೋಕಲ್ಲ. ನನ್ನನ್ನ ಅಲ್ಲಿ ನಿಲ್ಸಿ, ಆ ಮಕ್ಕಳ ಮುಂದೆ ಗೊಂಬೆ ಹಾಗೆ ಆಡ್ಸಿದ್ದು." ಹದಿನಾರು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಬಹುವಚನ ಬಿಟ್ಟು ಕರೆದವಳಲ್ಲ. ಈಗ ಅದು ತಾನಾಗಿಯೇ ಕಳಚಿ ಬಿತ್ತು. "ಅವತ್ತು ಬಂದು ನಾನು ಎಷ್ಟು ಖುಷಿಯಾಗಿ ಹೇಳ್ದೆ, ಕೋಣೆ ಎಷ್ಟು ಚೆನ್ನಾಗಿದೆ, ಹುಡುಗಿ ಎಷ್ಟು ಜಾಣೆ ಅಂತ. ನೀನು ಕೇಳ್ತಾ ಕೂತಿದ್ದೆ. ನಕ್ಕೆ ಕೂಡ. ಹೇಗೆ ಕೂತ್ಕೊಳ್ಳೋಕಾಯ್ತು ನಿಂಗೆ?"

ಆ ಏಕವಚನ ಅವನಿಗೆ ತಟ್ಟಿತು. ಮುಖ ಕೆಂಪೇರಿತು. "ಈ ಮನೆ ಬಾಡಿಗೆ ಎಲ್ಲಿಂದ ಬಂತು ಅಂದ್ಕೊಂಡೆ? ಚಿನ್ಮಯಿ ಫೀಸು? ನಿನ್ನ ಸಂಬಳದಿಂದ ಆಗ್ತಿತ್ತಾ ಇದೆಲ್ಲ? ನೀನೂ ತಿಂದಿದೀಯ ಅದ್ರಲ್ಲಿ."

ಅದು ನಿಜವಾಗಿತ್ತು, ಅದಕ್ಕೇ ಹೆಚ್ಚು ನೋಯಿಸಿತು. ತಾನು ತಿಂದದ್ದು ಏನೆಂದು ತಿಳಿದುಕೊಳ್ಳುವ ಹಕ್ಕನ್ನೂ ಇವನು ತನಗೆ ಬಿಡಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಒಲೆ ಆರಿಸಿ ಹೊರಗೆ ಬಂದಳು. ತನ್ನ ಕೋಣೆಯ ಬಾಗಿಲಲ್ಲಿ ಚಿನ್ಮಯಿ ನಿಂತಿದ್ದಳು. ಕನ್ನಡದಲ್ಲಿ ನಡೆದ ಜಗಳ ಪೂರ್ತಿ ಅವಳಿಗೆ ಅರ್ಥವಾಗಿತ್ತು.

"ಆರ್ ಯು ಗೋಯಿಂಗ್ ಟು ಟೆಲ್ ದೆಮ್, ಅಮ್ಮಾ?"

"ಹೇಳ್ತೀನಿ."

"ದೆನ್ ಐ ಹ್ಯಾವ್ ಟು ಲೀವ್ ಸ್ಕೂಲ್."

"ಹೂಂ, ಬಿಡ್ಬೇಕಾಗತ್ತೆ."

ಹುಡುಗಿ ತುಟಿ ಕಚ್ಚಿಕೊಂಡು ಬಾಗಿಲು ಹಾಕಿಕೊಂಡಳು. ಅವಳು ಯಾರ ಮೇಲೆ ಸಿಟ್ಟಾಗಿದ್ದಾಳೆಂದು ಧನಶ್ರೀಗೆ ತಿಳಿಯಲಿಲ್ಲ.

ಮರುದಿನ ಧನಶ್ರೀ ನಿಧಿಯ ಮುಖ್ಯಸ್ಥೆಯ ಮುಂದೆ ಕುಳಿತು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಗಂಡನ ಫೋನಿನ ವಿಷಯವನ್ನೂ ಬಿಡಲಿಲ್ಲ. ಮುಖ್ಯಸ್ಥೆ ತೀರ ಕೆಟ್ಟವಳಲ್ಲ. ಕೇಳಿ ಮುಗಿಸಿ, ನೀವು ಹೇಳಿದ್ದು ಒಳ್ಳೆಯದಾಯಿತು, ಆದರೆ ಇನ್ನು ನಿಮ್ಮನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳಲಾಗದು ಎಂದಳು. ತನಿಖೆ ಮುಗಿಯುವವರೆಗೆ ಆ ಟ್ರಸ್ಟಿಗೆ ಸೇರಿದ ಎಲ್ಲ ಶಾಲೆಗಳ ಅನುದಾನವನ್ನೂ ತಡೆಹಿಡಿಯಲಾಗುವುದು ಎಂದೂ ಹೇಳಿದಳು.

ಸುದ್ದಿ ಕನ್ನಡದವರ ಮನೆಮನೆಗೂ ಮುಟ್ಟಿತು. ರುಂಡಾ ಬಡಾವಣೆಯ ಡಾಕ್ಟರ್ ಮಂಜುನಾಥ್ ಫೋನ್ ಮಾಡಿದರು. "ನಮ್ಮೋರು ನಮ್ಮೋರನ್ನ ಹೀಗೆ ಹೊರಗಿನವರಿಗೆ ಹಿಡ್ಕೊಡೋದಾ ಧನಶ್ರೀ? ನಿಮಗೆ ಅವರು ಏನು ಕಡಿಮೆ ಮಾಡಿದ್ರು? ಮನೆಯೊಳಗೆ ಕೂತು ಮಾತಾಡಿ ಸರಿಮಾಡ್ಬಹುದಿತ್ತು." ಮ್ಟೋನಿಯ ಮಕ್ಕಳ ಬಗ್ಗೆ ಅವರು ಕೇಳಲಿಲ್ಲ. ಯುಗಾದಿಯ ಊಟಕ್ಕೆ ಅವಳಿಗೆ ಕರೆ ಬರಲಿಲ್ಲ. ಪ್ರತಿ ವರ್ಷ ಅವಳ ಕೈಯ ಹೋಳಿಗೆಗೆ ಕಾಯುತ್ತಿದ್ದ ಹೆಂಗಸರು ಅಂಗಡಿಯಲ್ಲಿ ಸಿಕ್ಕರೆ ಬೇರೆ ಸಾಲಿಗೆ ತಿರುಗಿಕೊಂಡರು. ಅವರ ಮಕ್ಕಳೂ ಕರೆನ್‌ನ ಆ ಬ್ಲಾಕಿನಲ್ಲಿಯೇ ಓದುತ್ತಿದ್ದರು.

ಅನುದಾನ ನಿಂತದ್ದನ್ನು ಕೆರುಬೊಗೆ ತಾನೇ ಹೇಳಬೇಕೆಂದು ಅವಳು ಮತ್ತೆ ಮುಕುರುವಿಗೆ ಹೋದಳು. ನೀರು ಇಳಿದಿತ್ತು. ಒಂದು ಶೆಡ್ಡಿನಲ್ಲಿ ಪೋಷಕರ ಸಭೆ ನಡೆಯುತ್ತಿತ್ತು. ಕೆರುಬೊ ಅವಳನ್ನು ಕಂಡು ಹೊರಗೆ ಬಂದಳು.

"ಅಂದ್ರೆ ನೀವು ನಿಜ ಹೇಳಿದ್ದಕ್ಕೆ ಈ ವರ್ಷವೂ ನಮಗೆ ಏನೂ ಸಿಗಲ್ಲ."

"ಸಿಗಲ್ಲ. ತನಿಖೆ ಮುಗಿಯೋವರೆಗೆ."

"ಅವರು ಮೋಸ ಮಾಡಿದರು ಅಂತೀರಿ. ಸರಿ. ಆದ್ರೆ ನಮ್ಮ ಜನ ನಂಬಿದ್ದು ಅವರನ್ನಲ್ಲ. ದುಡ್ಡು ಕೊಟ್ಟ ದೇಶದವರು ತಪ್ಪದೆ ಒಬ್ಬರನ್ನ ಕಳಿಸ್ತಾರೆ, ಬಂದು ನೋಡಿದ್ರೆ ಅವರಿಗೆ ಗೊತ್ತಾಗತ್ತೆ ಅಂತ ನಾನೇ ಇವರಿಗೆಲ್ಲ ಹೇಳ್ತಿದ್ದೆ." ಕೆರುಬೊಳ ದನಿ ಏರಲಿಲ್ಲ. "ನೀವು ಬಂದ್ರಿ. ಮಕ್ಕಳಿಗೆ ಲೆಕ್ಕ ಕೇಳಿದ್ರಿ. ಹೊಸ ಸ್ವೆಟರ್ ನೋಡಿದ್ರಿ. ಕಾಲು ನೋಡಲಿಲ್ಲ. ಅರ್ಧ ಮಕ್ಕಳ ಕಾಲಲ್ಲಿ ಹೊಳೆಯ ಕೆಸರು ಹಾಗೇ ಇತ್ತಂತೆ."

ನನಗೂ ಮೋಸ ಮಾಡಿದರು ಎಂದು ಧನಶ್ರೀ ಹೇಳಬಹುದಿತ್ತು. ಆ ಶೆಡ್ಡಿನ ಮುಂದೆ ಆ ಮಾತು ನಾಲಿಗೆಗೆ ಬರಲಿಲ್ಲ. ಕರೆನ್‌ನ ಜಗಲಿಯಲ್ಲಿ, ತನ್ನ ಅಡುಗೆಮನೆಯಲ್ಲಿ ತನಗಾದದ್ದೇ ಈ ಹೆಂಗಸಿಗೂ ಆಗಿತ್ತು, ಅದೂ ತನ್ನಿಂದ.

"ಒಳಗೆ ಬನ್ನಿ," ಎಂದಳು ಕೆರುಬೊ. "ನನಗೆ ಹೇಳಿದ್ದನ್ನ ಅವರಿಗೂ ಹೇಳಿ. ನಾನು ಹೇಳಿದ್ರೆ ನಾನೇ ದುಡ್ಡು ತಿಂದೆ ಅಂತಾರೆ. ಆಗಲೇ ಕೆಲವರು ಅಂತಿದಾರೆ."

ಧನಶ್ರೀ ಒಳಗೆ ಹೋಗಿ ಬೆಂಚುಗಳ ಮುಂದೆ ನಿಂತಳು. ತರಕಾರಿ ಅಂಗಡಿಯಲ್ಲಿ, ಮಟಾಟುವಿನಲ್ಲಿ ಕಲಿತ ಸ್ವಾಹಿಲಿಯಲ್ಲಿ, ತಪ್ಪಿದಲ್ಲಿ ಇಂಗ್ಲಿಷ್ ಸೇರಿಸಿ, ಕೆರುಬೊ ಏನೂ ತೆಗೆದುಕೊಂಡಿಲ್ಲ, ಇಲ್ಲದ ಕೋಣೆಗಳನ್ನು ಇದೆ ಎಂದು ಬರೆದವಳು ನಾನು ಎಂದು ಹೇಳಿದಳು. ಯಾರೂ ಬಯ್ಯಲಿಲ್ಲ. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಮಾತ್ರ, ಇದನ್ನು ಕೋರ್ಟಿನಲ್ಲೂ ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಎಂದಳು ಧನಶ್ರೀ.

ಹೇಳಿದಳು ಕೂಡ. ಲಕ್ಷ್ಮೀಕಾಂತರು ಎದುರಿಗೇ ಕುಳಿತಿದ್ದರು. ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ವಿಚಾರಣೆ ಇನ್ನೂ ಮುಗಿದಿಲ್ಲ, ಆದರೆ ಕರೆನ್‌ನ ಶಾಲೆ ಬೇರೆಯವರ ಕೈಗೆ ಹೋಯಿತು. ಮಾರಿದ್ದರಲ್ಲಿ ಒಂದು ಭಾಗ ನಿಧಿಗೆ ವಾಪಸು ಬಂತು. ಅಷ್ಟರಲ್ಲಿ ನಾಲ್ಕು ಕೋಣೆ ಆಗುವಂತಿರಲಿಲ್ಲ. ಎರಡು ಆಗುತ್ತವೆ ಎಂದರು. ಈ ಸಲ ದುಡ್ಡು ಟ್ರಸ್ಟಿನ ಕೈಗೆ ಹೋಗದೆ ನೇರವಾಗಿ ಮ್ಟೋನಿಯ ಪೋಷಕರ ಸಮಿತಿಗೆ ಬಂತು. ಪಾಯ ತೋಡುವ ದಿನ ಕೆರುಬೊ ಫೋನ್ ಮಾಡಿ ವಿಷಯ ತಿಳಿಸಿದಳು. ಬನ್ನಿ ಎಂದು ಕರೆಯಲಿಲ್ಲ. ಧನಶ್ರೀಯೂ ಬರಲೇ ಎಂದು ಕೇಳಲಿಲ್ಲ.

ರಾಜೀವ್ ಮೊಂಬಾಸಾದಲ್ಲಿ ಒಂದು ಕೆಲಸ ಹಿಡಿದು ಹೊರಟುಹೋದ. ತಿಂಗಳಿಗೊಮ್ಮೆ ಬಂದು ಮಗಳನ್ನು ಐಸ್‌ಕ್ರೀಂ ತಿನ್ನಿಸಲು ಕರೆದುಕೊಂಡು ಹೋಗುತ್ತಾನೆ. ಬಾಗಿಲಲ್ಲಿ ನಿಂತು, ಹೇಗಿದೀಯ ಎಂದು ಕೇಳುತ್ತಾನೆ. ಅವಳು ಚೆನ್ನಾಗಿದ್ದೇನೆ ಎನ್ನುತ್ತಾಳೆ. ಅವನು ಕ್ಷಮೆ ಕೇಳಿಯೂ ಆಗಿದೆ. ಅವಳಿಗೆ ಅವನ ಮೇಲೆ ಈಗ ಕೋಪವೂ ಅಷ್ಟಿಲ್ಲ. ಆದರೆ ಅವನು ಏನು ಹೇಳಿದರೂ, ಬಸ್ಸು ತಡವಾಯಿತು ಎಂದರೂ, ಊಟ ಆಯಿತು ಎಂದರೂ, ಅದು ನಿಜವೇ ಎಂದು ಮನಸ್ಸು ಒಮ್ಮೆ ನಿಂತು ಕೇಳುತ್ತದೆ. ಹಾಗೆ ಕೇಳದೆ ಇರುವುದು ಹೇಗೆಂದು ಅವಳಿಗೆ ಮರೆತುಹೋಗಿದೆ.